ವಿಮ್, ಈಮ್ಯಾಕ್ಸ್, ನ್ಯಾನೊ, ವಿಎಸ್ ಕೋಡ್: ಕನ್ನಡ ಬರೆಯುವ ಕೈಗೆ ಯಾವುದು ಒಗ್ಗುತ್ತದೆ?

ಅಭಿನಂದನಾ ಗ್ರಂಥವೊಂದರ ಕರಡು ನನ್ನ ಕೈಗೆ ಬಂದಿತ್ತು. ಅದರಲ್ಲಿ ಒಬ್ಬ ಲೇಖಕರು ಸನ್ಮಾನಿತರನ್ನು ಬಾಲ್ಯದ ಸಲುಗೆಯಿಂದ ಉದ್ದಕ್ಕೂ ‘ಆತ’ ಎಂದೇ ಬರೆದಿದ್ದರು. ಸಂಪಾದಕರಿಗೆ ಅದೆಲ್ಲ ‘ಅವರು’ ಆಗಬೇಕಿತ್ತು. ಆತ, ಆತನ, ಆತನಿಗೆ, ಆತನನ್ನು, ಆತನೊಂದಿಗೆ, ಹೀಗೆ ಪುಟಪುಟಕ್ಕೂ. ನಡುವೆ ಅಲ್ಲಲ್ಲಿ ಸನ್ಮಾನಿತರ ತಮ್ಮನೂ ಬರುತ್ತಾನೆ, ಅವನು ‘ಆತ’ನಾಗಿಯೇ ಉಳಿಯಬೇಕು. ಮೌಸ್ ಹಿಡಿದು ಒಂದೊಂದನ್ನೇ ಆರಿಸಿ, ಅಳಿಸಿ, ಮತ್ತೆ ಬರೆಯುತ್ತಾ ಕೂತರೆ ಒಂದು ಹೊತ್ತು ಕಳೆಯುತ್ತದೆ. ಕೀಲಿಮಣೆಯಿಂದ ಕೈ ಎತ್ತದೆ ಮಾಡಿದರೆ ಒಂದು ಕಾಫಿ ಆರುವಷ್ಟರಲ್ಲಿ ಮುಗಿಯುತ್ತದೆ.

ಆ ಎರಡನೆಯ ದಾರಿಯನ್ನು ಕಲಿಯಬೇಕು, ಆದರೆ ಯಾವ ಎಡಿಟರಿನಲ್ಲಿ (ಬರಹ ಬರೆದು ತಿದ್ದುವ ತಂತ್ರಾಂಶದಲ್ಲಿ) ಎಂದು ಕೇಳುವವರು ನನಗೆ ಆಗಾಗ ಸಿಗುತ್ತಾರೆ. ಪುಸ್ತಕದ ಪುಟ ಜೋಡಿಸುವವರು, ಇಂಜಿನಿಯರಿಂಗ್ ಓದುತ್ತಿರುವ ಮಕ್ಕಳು, ಸಂಸ್ಥೆಯ ವೆಬ್‌ಸೈಟ್ ನೋಡಿಕೊಳ್ಳುವ ಹೊಣೆ ತಲೆ ಮೇಲೆ ಬಿದ್ದವರು, ಎಲ್ಲರೂ ಇದೇ ನಾಲ್ಕು ಹೆಸರುಗಳ ನಡುವೆ ಸಿಕ್ಕಿಕೊಂಡಿರುತ್ತಾರೆ. ಇಂಗ್ಲಿಷಿನಲ್ಲಿ ಈ ಹೋಲಿಕೆಗೆ ಬರವಿಲ್ಲ. ಆದರೆ ನಮ್ಮ ಕೀಲಿಮಣೆ ದಿನದ ಅರ್ಧ ಹೊತ್ತು ಕನ್ನಡದಲ್ಲಿರುತ್ತದೆ ಎಂಬುದು ಅಲ್ಲಿ ಯಾರ ಲೆಕ್ಕಕ್ಕೂ ಬರುವುದಿಲ್ಲ. ನನ್ನ ಅನುಭವದಲ್ಲಿ ಯಾವ ಎಡಿಟರ್ ಎಂಬುದು ತೀರ್ಮಾನವಾಗುವುದೇ ಕನ್ನಡದ ಈ ಲೆಕ್ಕದ ಮೇಲೆ.

ಬರಹದಲ್ಲಿ ಕೀಲಿಗಳ ಹೆಸರನ್ನು ಕನ್ನಡದಲ್ಲೇ ಕೊಟ್ಟಿದ್ದೇನೆ. ‘ಡಿ ಡಿ’ ಎಂದರೆ ಇಂಗ್ಲಿಷಿನ ಡಿ ಕೀಲಿಯನ್ನು ಎರಡು ಸಲ ಒತ್ತುವುದು. ‘ಕಂಟ್ರೋಲ್+ಎಸ್’ ಎಂದರೆ ಎರಡನ್ನೂ ಒಟ್ಟಿಗೆ ಒತ್ತುವುದು.

ಮೊದಲು ಕೇಳಿಕೊಳ್ಳಬೇಕಾದದ್ದು

ನಾನು ಅಳೆಯುವುದು ನಾಲ್ಕು ಪ್ರಶ್ನೆಗಳಿಂದ. ನೀವು ತಿದ್ದುವ ಫೈಲ್ ಎಲ್ಲಿದೆ? ನಿಮ್ಮದೇ ಲ್ಯಾಪ್‌ಟಾಪಿನಲ್ಲಿದ್ದರೆ ಬೇಕಾದ್ದನ್ನು ಹಾಕಿಕೊಳ್ಳಬಹುದು. ದೂರದ ಸರ್ವರಿನಲ್ಲಿದ್ದರೆ ಅಲ್ಲಿ ಇರುವುದನ್ನೇ ಬಳಸಬೇಕು.

ಎರಡನೆಯದು, ಯಾವ ಲಿಪಿಯಲ್ಲಿ ಎಷ್ಟು ಬರೆಯುತ್ತೀರಿ? ಬರೀ ಕೋಡ್ ಬರೆಯುವವರಿಗೂ ಕನ್ನಡ ಗದ್ಯ ತಿದ್ದುವವರಿಗೂ ಒಂದೇ ಸಲಹೆ ಕೊಟ್ಟರೆ ಇಬ್ಬರಲ್ಲಿ ಒಬ್ಬರಿಗೆ ಅನ್ಯಾಯವಾಗುತ್ತದೆ.

ಮೂರನೆಯದು, ದಿನಕ್ಕೆ ಎಷ್ಟು ಗಂಟೆ? ಈ ನಾಲ್ಕರಲ್ಲಿ ಯಾವುದಕ್ಕೂ ದುಡ್ಡು ಕೊಡಬೇಕಿಲ್ಲ. ಕೊಡಬೇಕಾದದ್ದು ಸಮಯ. ವಾರಕ್ಕೊಮ್ಮೆ ಹತ್ತು ನಿಮಿಷ ಎಡಿಟರ್ ತೆರೆಯುವವರು ವಿಮ್ ಕಲಿಯಲು ತಿಂಗಳು ಸುರಿದರೆ ಆ ಸಮಯ ವಾಪಸ್ ಬರುವುದಿಲ್ಲ. ದಿನಕ್ಕೆ ಆರು ಗಂಟೆ ಕೂರುವವರಿಗೆ ಅದೇ ತಿಂಗಳು ಬೇಗನೆ ತೀರುವ ಸಾಲ.

ಕೊನೆಯದು ಕೈ ಮತ್ತು ಯಂತ್ರ. ಕಿರುಬೆರಳು ನೋಯುತ್ತಿದೆಯೇ, ಮಣಿಕಟ್ಟು ಹಿಡಿಯುತ್ತಿದೆಯೇ, ಲ್ಯಾಪ್‌ಟಾಪಿನಲ್ಲಿ 4 ಜಿಬಿ ಮೆಮೊರಿ ಮಾತ್ರ ಇದೆಯೇ? ಇವು ಸಣ್ಣ ವಿಷಯಗಳೆಂದು ಆಮೇಲೆ ನೋಡೋಣ ಎಂದುಕೊಂಡವರು ಆರು ತಿಂಗಳಲ್ಲಿ ಎಡಿಟರ್ ಬದಲಿಸುವುದನ್ನು ನೋಡಿದ್ದೇನೆ.

ಎಲ್ಲವನ್ನೂ ಒಂದೇ ಒರೆಗಲ್ಲಿಗೆ ತಿಕ್ಕಿ ನೋಡಲು ಮೇಲಿನ ‘ಆತ’ನ ಕೆಲಸವನ್ನೇ ಇಟ್ಟುಕೊಳ್ಳುತ್ತೇನೆ. ಅದರಲ್ಲಿ ಕನ್ನಡದ್ದೇ ಆದ ಒಂದು ಸೊಗಸೂ ಒಂದು ಅಪಾಯವೂ ಇದೆ.

ಸೊಗಸು ಇದು. ಕಂಪ್ಯೂಟರ್ ಅಕ್ಷರಗಳನ್ನು ಇಟ್ಟುಕೊಳ್ಳುವ ಯೂನಿಕೋಡ್ ಕ್ರಮದಲ್ಲಿ ‘ನಿ’ ಎಂಬುದು ಒಂದೇ ಗುರುತಲ್ಲ. ‘ನ’ ಒಂದು, ಗುಣಿತದ ಗುಡಿಸು ಇನ್ನೊಂದು. ಹಾಗಾಗಿ ‘ಆತನ’ ಇದ್ದಲ್ಲೆಲ್ಲ ‘ಅವರ’ ಎಂದು ಬದಲಿಸಿದರೆ ‘ಆತನಿಗೆ’ ತಾನಾಗಿಯೇ ‘ಅವರಿಗೆ’ ಆಗುತ್ತದೆ. ‘ಆತನನ್ನು’ ಹೋಗಿ ‘ಅವರನ್ನು’, ‘ಆತನಿಂದ’ ಹೋಗಿ ‘ಅವರಿಂದ’, ‘ಆತನೊಂದಿಗೆ’ ಹೋಗಿ ‘ಅವರೊಂದಿಗೆ’, ‘ಆತನು’ ಕೂಡ ‘ಅವರು’. ವಿಭಕ್ತಿಗಳೆಲ್ಲ ಒಂದೇ ಏಟಿಗೆ ಸರಿಹೋಗುತ್ತವೆ. ಮೊದಲ ಸಲ ಇದನ್ನು ಕಂಡಾಗ ನನಗೆ ಆದ ಸಂತೋಷ ಅಷ್ಟಿಷ್ಟಲ್ಲ.

ಅಪಾಯ ಉಳಿದಿರುವ ಬರೀ ‘ಆತ’ನದು. ಅದನ್ನು ಕಣ್ಣುಮುಚ್ಚಿ ‘ಅವರು’ ಮಾಡಿದರೆ ‘ಆತ್ಮ’ದೊಳಗಿನ ‘ಆತ’ವೂ ಸಿಕ್ಕಿಬೀಳುತ್ತದೆ, ಪುಟದ ಮೇಲೆ ಓದಲಾಗದ ಒಂದು ಮುದ್ದೆ ಉಳಿಯುತ್ತದೆ. ‘ಆತಂಕ’, ‘ಆತಿಥ್ಯ’, ‘ಆತುರ’ಗಳಿಗೂ ಅದೇ ಗತಿ. ‘ಪೂರ್ತಿ ಪದ ಮಾತ್ರ’ ಎಂಬ ಆಯ್ಕೆ ಇಂಗ್ಲಿಷಿಗೆ ಒದಗಿದಷ್ಟು ನಮಗೆ ಒದಗುವುದಿಲ್ಲ, ಏಕೆಂದರೆ ನಮ್ಮ ಪದ ಬಾಲವಿಲ್ಲದೆ ಬರುವುದೇ ಕಡಿಮೆ. ಜೊತೆಗೆ ಆ ತಮ್ಮನೊಬ್ಬ ಇದ್ದಾನಲ್ಲ. ಹಾಗಾಗಿ ಕನ್ನಡ ತಿದ್ದುವವರಿಗೆ ಬೇಕಾದದ್ದು ‘ಎಲ್ಲವನ್ನೂ ಬದಲಿಸು’ ಎಂಬ ಗುಂಡಿಯಲ್ಲ. ಒಂದೊಂದರ ಮುಂದೆಯೂ ನಿಂತು ‘ಇದನ್ನು ಬದಲಿಸಲೇ?’ ಎಂದು ಕೇಳುವ ಎಡಿಟರ್.

ವಿಎಸ್ ಕೋಡ್: ಗೊತ್ತಿರುವ ಕೀಲಿಗಳ ಮುಂದುವರಿಕೆ

ಕಂಟ್ರೋಲ್ ಜೊತೆಗೆ ಝಡ್, ಎಕ್ಸ್, ಸಿ, ವಿ ಎಲ್ಲರ ಬೆರಳಿಗೂ ಗೊತ್ತು. ಕತ್ತರಿಸು, ನಕಲಿಸು, ಅಂಟಿಸು ಎಂಬ ಈ ಕ್ರಮದ ಹಿಂದೆ 1970ರ ದಶಕದಲ್ಲಿ ಜೆರಾಕ್ಸ್ ಪಾರ್ಕ್ ಪ್ರಯೋಗಾಲಯದಲ್ಲಿ ಲ್ಯಾರಿ ಟೆಸ್ಲರ್ ಮಾಡಿದ ಕೆಲಸವಿದೆ. ಒಂದೇ ಕೀಲಿ ಒಮ್ಮೆ ಅಕ್ಷರ, ಇನ್ನೊಮ್ಮೆ ಆಜ್ಞೆ ಆಗುವ ‘ಮೋಡ್’ ಪದ್ಧತಿಯನ್ನು ಅವರು ಜೀವನಪೂರ್ತಿ ವಿರೋಧಿಸಿದರು. ತಮ್ಮ ಕಾರಿನ ನಂಬರ್ ಪ್ಲೇಟಿನಲ್ಲೂ ‘ನೋ ಮೋಡ್ಸ್’ ಎಂದು ಬರೆಸಿಕೊಂಡಿದ್ದರು. ಮೈಕ್ರೋಸಾಫ್ಟ್ 2015ರಲ್ಲಿ ಹೊರತಂದ ವಿಎಸ್ ಕೋಡ್ ಅದೇ ಪರಂಪರೆಯದು. ಅಕ್ಷರದ ಕೀಲಿ ಯಾವಾಗಲೂ ಅಕ್ಷರವನ್ನೇ ಮೂಡಿಸುತ್ತದೆ. ಆಜ್ಞೆ ಬೇಕಾದರೆ ಕಂಟ್ರೋಲ್, ಆಲ್ಟ್, ಅಥವಾ ಎಫ್ ಸಾಲಿನ ಕೀಲಿ.

ಕನ್ನಡದವರಿಗೆ ಇದರಿಂದ ಆಗುವ ಲಾಭ ದೊಡ್ಡದು. ಕೀಲಿಮಣೆ ಫೋನೆಟಿಕ್ (ಇಂಗ್ಲಿಷ್ ಅಕ್ಷರಗಳಲ್ಲಿ ಉಚ್ಚಾರದಂತೆ ಟೈಪಿಸುವುದು) ಆಗಲಿ, ಕೆ.ಪಿ. ರಾವ್ ರೂಪಿಸಿದ ವಿನ್ಯಾಸವಾಗಲಿ, ಕನ್ನಡ ಚಾಲೂ ಇರುವಾಗಲೂ ವಿಂಡೋಸಿನಲ್ಲಿ ಕಂಟ್ರೋಲ್+ಎಸ್ ಒತ್ತಿದರೆ ಸೇವ್ ಆಗುತ್ತದೆ. ಕೀಲಿಮಣೆಯನ್ನು ಇಂಗ್ಲಿಷಿಗೆ ಹೊರಳಿಸುವ ಗೊಡವೆ ಇಲ್ಲ.

ನಮ್ಮ ಕೆಲಸವನ್ನು ಇಲ್ಲಿ ಮಾಡುವುದು ಹೀಗೆ. ಕಂಟ್ರೋಲ್+ಎಚ್ ಒತ್ತಿ, ಮೇಲಿನ ಚೌಕದಲ್ಲಿ ‘ಆತನ’, ಕೆಳಗಿನದರಲ್ಲಿ ‘ಅವರ’ ಬರೆಯಿರಿ. ಎಂಟರ್ ಒತ್ತಿದರೆ ಎದುರಿಗಿರುವುದು ಬದಲಾಗಿ ಕರ್ಸರ್ ಮುಂದಿನದಕ್ಕೆ ಜಿಗಿಯುತ್ತದೆ. ಅದು ತಮ್ಮನ ಪ್ರಸಂಗವಾದರೆ ಎಫ್3 ಒತ್ತಿ ದಾಟಿಬಿಡಿ. ಎಂಟರ್, ಎಂಟರ್, ಎಫ್3, ಎಂಟರ್. ಕಣ್ಣು ಓದುತ್ತಾ ಹೋಗುತ್ತದೆ, ಎರಡು ಬೆರಳು ಮಾತ್ರ ಆಡುತ್ತವೆ.

ಇದಲ್ಲದೆ ನಾನು ದಿನಾ ಬಳಸುವ ನಾಲ್ಕು ಇವೆ. ಆಲ್ಟ್ ಹಿಡಿದು ಮೇಲಿನ ಅಥವಾ ಕೆಳಗಿನ ಬಾಣ ಒತ್ತಿದರೆ ಇಡೀ ಸಾಲು ಹತ್ತುತ್ತದೆ, ಇಳಿಯುತ್ತದೆ. ಕಂಟ್ರೋಲ್+ಡಿ ಒತ್ತಿದಷ್ಟು ಸಲ ಅದೇ ಪದ ಮುಂದೆ ಎಲ್ಲೆಲ್ಲಿದೆಯೋ ಅಲ್ಲೆಲ್ಲ ಒಂದೊಂದು ಕರ್ಸರ್ ಮೂಡುತ್ತದೆ. ಕಂಟ್ರೋಲ್+ಪಿ ಹೆಸರಿನ ತುಣುಕಿನಿಂದಲೇ ಫೈಲ್ ಹುಡುಕಿ ತೆರೆಯುತ್ತದೆ. ಕಂಟ್ರೋಲ್+ಶಿಫ್ಟ್+ಪಿ ಒತ್ತಿದರೆ ಎಲ್ಲ ಆಜ್ಞೆಗಳ ಪಟ್ಟಿ ಬರುತ್ತದೆ, ಪಕ್ಕದಲ್ಲೇ ಅದರ ಕೀಲಿಯೂ ಇರುತ್ತದೆ. ಮರೆತರೆ ಯಾರನ್ನೂ ಕೇಳಬೇಕಿಲ್ಲ. ಹೊಸಬರಿಗೆ ನಾನು ಮೊದಲು ಹೇಳಿಕೊಡುವುದು ಈ ಕೊನೆಯದನ್ನೇ.

ಇದು ಕೇಳುವ ಬೆಲೆ ಮೆಮೊರಿ. ಒಳಗೊಂದು ಬ್ರೌಸರ್ ಇಟ್ಟುಕೊಂಡೇ ಓಡುವ ತಂತ್ರಾಂಶ ಇದು. 4 ಜಿಬಿಯ ಹಳೆ ಲ್ಯಾಪ್‌ಟಾಪಿನಲ್ಲಿ ಪಕ್ಕದಲ್ಲಿ ಬ್ರೌಸರನ್ನೂ ತೆರೆದಿಟ್ಟರೆ ಏದುಸಿರು ಬಿಡುತ್ತದೆ. ಬಳಕೆಯ ಮಾಹಿತಿ ಮೈಕ್ರೋಸಾಫ್ಟಿಗೆ ಹೋಗುವುದು ಬೇಡವೆನ್ನುವವರು ಸೆಟ್ಟಿಂಗಿನಲ್ಲಿ ಅದನ್ನು ನಿಲ್ಲಿಸಬಹುದು, ಇಲ್ಲವೇ ಅದೇ ಮೂಲದಿಂದ ಕಟ್ಟಿದ ವಿಎಸ್‌ಕೋಡಿಯಂ ಹಾಕಿಕೊಳ್ಳಬಹುದು. ದುಡ್ಡು ಕೊಟ್ಟಾದರೂ ಹಗುರಾಗಿ ಓಡುವಂಥದ್ದು ಬೇಕೆಂದರೆ ಸಬ್ಲೈಮ್ ಟೆಕ್ಸ್ಟ್ ಇದೆ, ಪರವಾನಗಿಗೆ 99 ಡಾಲರ್. ಕಂಟ್ರೋಲ್+ಡಿಯಂಥ ಕೀಲಿಗಳು ಅದರಲ್ಲೂ ಹಾಗೆಯೇ ಇವೆ.

ನ್ಯಾನೊ: ಸರ್ವರಿಗೆ ಅಪರೂಪಕ್ಕೆ ಹೋಗುವವರಿಗೆ

1999ರಲ್ಲಿ ಶುರುವಾದ ಪುಟ್ಟ ಎಡಿಟರ್ ಇದು, ಟರ್ಮಿನಲ್ಲಿನ (ಆಜ್ಞೆಗಳನ್ನು ಟೈಪಿಸುವ ಕಿಟಕಿಯ) ಒಳಗೇ ತೆರೆದುಕೊಳ್ಳುತ್ತದೆ. ಇದರ ದೊಡ್ಡ ಗುಣ ಪರದೆಯ ಕೊನೆಯ ಎರಡು ಸಾಲುಗಳಲ್ಲಿದೆ. ಮುಖ್ಯ ಆಜ್ಞೆಗಳೆಲ್ಲ ಅಲ್ಲೇ ಬರೆದಿರುತ್ತವೆ, ಅಲ್ಲಿನ ಟೋಪಿ ಗುರುತು (^) ಎಂದರೆ ಕಂಟ್ರೋಲ್. ಕಂಟ್ರೋಲ್+ಓ ಉಳಿಸಲು, ಕಂಟ್ರೋಲ್+ಎಕ್ಸ್ ಹೊರಬರಲು, ಕಂಟ್ರೋಲ್+ಡಬ್ಲ್ಯೂ ಹುಡುಕಲು, ಕಂಟ್ರೋಲ್+ಕೆ ಸಾಲು ಕತ್ತರಿಸಲು, ಕಂಟ್ರೋಲ್+ಯು ಅಂಟಿಸಲು. ಮಾಡಿದ್ದನ್ನು ರದ್ದು ಮಾಡಲು ಮಾತ್ರ ಆಲ್ಟ್+ಯು.

ಕೈಗೆ ರೂಢಿಯಾದ ಕಂಟ್ರೋಲ್+ಎಕ್ಸ್ ಇಲ್ಲಿ ಕತ್ತರಿಸುವ ಬದಲು ಹೊರಗೆ ಕರೆದೊಯ್ಯುತ್ತದೆ. ಬದಲಾವಣೆ ಮಾಡಿದ್ದರೆ ‘ಉಳಿಸಲೇ?’ ಎಂದು ಕೇಳುತ್ತದಾದ್ದರಿಂದ ನಷ್ಟವೇನಿಲ್ಲ. 2024ರ 8ನೇ ಆವೃತ್ತಿಯಿಂದ ಮಾಮೂಲಿ ಝಡ್, ಎಕ್ಸ್, ಸಿ, ವಿ ಕ್ರಮವನ್ನೇ ತರುವ ಆಯ್ಕೆಯೂ ಬಂದಿದೆ.

ನಮ್ಮ ಪರೀಕ್ಷೆಯಲ್ಲಿ ನ್ಯಾನೊ ಪಾಸಾಗುತ್ತದೆ. ಆಲ್ಟ್+ಆರ್ ಒತ್ತಿ ಎರಡು ಪದ ಕೊಟ್ಟರೆ ಒಂದೊಂದಕ್ಕೂ ನಿಂತು ಕೇಳುತ್ತದೆ, ವೈ ಅಥವಾ ಎನ್ ಒತ್ತಬೇಕು. ತೊಡಕೆಂದರೆ ಆ ಹೊತ್ತಿಗೆ ಕೀಲಿಮಣೆ ಇಂಗ್ಲಿಷಿಗೆ ಬಂದಿರಬೇಕು, ಇಲ್ಲವಾದರೆ ವೈ ಬದಲು ಕನ್ನಡದ ಅಕ್ಷರ ಬಂದು ನಿಲ್ಲುತ್ತದೆ. ಇನ್ನೂ ದೊಡ್ಡ ತೊಡಕು ಟರ್ಮಿನಲ್ಲಿನದು. ಹಲವು ಟರ್ಮಿನಲ್ಲುಗಳು ಕನ್ನಡದ ಒತ್ತಕ್ಷರಗಳನ್ನು ಜೋಡಿಸುವುದಿಲ್ಲ. ‘ಅಕ್ಷರ’ ಎಂಬ ಪದವೇ ಒಡೆದು, ಕರ್ಸರ್ ಒಂದು ಕಡೆ, ಅಕ್ಷರ ಇನ್ನೊಂದು ಕಡೆ ಕಾಣುತ್ತದೆ. ಸರ್ವರಿನ ಸೆಟ್ಟಿಂಗ್ ಫೈಲಿನಲ್ಲಿ ಎರಡು ಸಾಲು ತಿದ್ದಲು ನ್ಯಾನೊಗಿಂತ ಸಲೀಸಾದದ್ದು ಇಲ್ಲ. ಕನ್ನಡದ ಇಡೀ ಅಧ್ಯಾಯ ತಿದ್ದಲು ಇದಲ್ಲ.

ವಿಮ್: ಕೀಲಿಗಳಲ್ಲೇ ಒಂದು ವ್ಯಾಕರಣ

ಇದರ ಮೂಲ 1976ರಲ್ಲಿ ಬರ್ಕ್ಲಿಯಲ್ಲಿ ಬಿಲ್ ಜಾಯ್ ಬರೆದ ವಿಐ. ಅವರು ಬಳಸುತ್ತಿದ್ದ ಎಡಿಎಂ-3ಎ ಎಂಬ ಟರ್ಮಿನಲ್ ಯಂತ್ರದಲ್ಲಿ ಬಾಣದ ಗುರುತುಗಳು ಎಚ್, ಜೆ, ಕೆ, ಎಲ್ ಕೀಲಿಗಳ ಮೇಲೆಯೇ ಅಚ್ಚಾಗಿದ್ದವು. ಎಸ್ಕೇಪ್ ಇದ್ದದ್ದು ಇಂದು ಟ್ಯಾಬ್ ಇರುವ ಜಾಗದಲ್ಲಿ. ಇಂದಿಗೂ ವಿಮ್ ಬಳಸುವವರು ಎಚ್, ಜೆ, ಕೆ, ಎಲ್‌ನಿಂದಲೇ ಓಡಾಡುವುದು, ಮಾತುಮಾತಿಗೂ ಎಸ್ಕೇಪ್ ಒತ್ತುವುದು ಆ ಕೀಲಿಮಣೆಯ ಬಳುವಳಿ. ಬ್ರಾಮ್ ಮೂಲೆನಾರ್ 1991ರಲ್ಲಿ ವಿಮ್ ಹೊರತಂದರು. 2023ರ ಆಗಸ್ಟಿನಲ್ಲಿ ತೀರಿಕೊಳ್ಳುವವರೆಗೂ ಅದನ್ನು ನೋಡಿಕೊಂಡರು. ತಮಗೆ ದುಡ್ಡು ಬೇಡ, ಉಗಾಂಡದ ಕಿಬಾಲೆಯ ಮಕ್ಕಳಿಗೆ ನೆರವಾಗಿ ಎಂದು ವಿಮ್ ಮೂಲಕವೇ ಕೇಳಿಕೊಳ್ಳುತ್ತಿದ್ದರು.

ವಿಮ್ ತೆರೆದಾಗ ನೀವಿರುವುದು ನಾರ್ಮಲ್ ಮೋಡಿನಲ್ಲಿ. ಅಲ್ಲಿ ಪ್ರತಿ ಅಕ್ಷರವೂ ಒಂದು ಆಜ್ಞೆ. ಐ ಒತ್ತಿದರೆ ಇನ್ಸರ್ಟ್ ಮೋಡ್, ಆಗ ಬರೆಯಬಹುದು. ಎಸ್ಕೇಪ್ ಒತ್ತಿದರೆ ಮತ್ತೆ ನಾರ್ಮಲ್. ನಿಜವಾದ ಸೊಬಗು ಇರುವುದು ಆಜ್ಞೆಗಳು ಒಂದಕ್ಕೊಂದು ಕೂಡುವ ರೀತಿಯಲ್ಲಿ. ಡಿ ಎಂದರೆ ಅಳಿಸು, ಸಿ ಎಂದರೆ ಅಳಿಸಿ ಹೊಸದು ಬರೆ, ವೈ ಎಂದರೆ ನಕಲಿಸು. ಡಬ್ಲ್ಯೂ ಎಂದರೆ ಮುಂದಿನ ಪದದವರೆಗೆ, ಐ ಪಿ ಎಂದರೆ ಈ ಪ್ಯಾರಾ. ಕ್ರಿಯಾಪದಕ್ಕೆ ಕರ್ಮ ಸೇರಿಸಿದ ಹಾಗೆ ಡಿ ಡಬ್ಲ್ಯೂ ಪದ ಅಳಿಸುತ್ತದೆ, ಡಿ ಐ ಪಿ ಪ್ಯಾರಾ ಅಳಿಸುತ್ತದೆ, ವೈ ಐ ಪಿ ಪ್ಯಾರಾ ನಕಲಿಸುತ್ತದೆ. ಐದು ಕ್ರಿಯೆ, ಹತ್ತು ಕರ್ಮ ಕಲಿತರೆ ಐವತ್ತು ಆಜ್ಞೆ ಕೈಯಲ್ಲಿರುತ್ತವೆ. ಚುಕ್ಕೆ ಕೀಲಿ ಒತ್ತಿದರೆ ಕೊನೆಯ ಬದಲಾವಣೆ ಇನ್ನೊಮ್ಮೆ ಆಗುತ್ತದೆ. ಕೋಡ್ ಬರೆಯುವವರಿಗೆ ಇದರಷ್ಟು ಹಿತವಾದ ಭಾಷೆ ನನಗೆ ಬೇರೆ ಕಂಡಿಲ್ಲ, ಮತ್ತು ಕಂಟ್ರೋಲ್ ಒತ್ತಿ ಒತ್ತಿ ನೊಂದ ಕಿರುಬೆರಳಿಗೆ ಇಲ್ಲಿ ವಿಶ್ರಾಂತಿ.

ಈಗ ಕನ್ನಡಕ್ಕೆ ಬರೋಣ. ಒಂದು ವಾಕ್ಯ ಬರೆದು ಮುಗಿಸಿದ್ದೀರಿ, ಎಸ್ಕೇಪ್ ಒತ್ತಿದಿರಿ, ಸಾಲು ಅಳಿಸಲು ಡಿ ಡಿ ಒತ್ತಿದಿರಿ. ಏನೂ ಅಳಿಯುವುದಿಲ್ಲ. ಕೀಲಿಮಣೆ ಇನ್ನೂ ಕನ್ನಡದಲ್ಲೇ ಇದೆ, ಅದು ಡಿ ಡಿ ಎಂಬುದನ್ನು ‘ದ್ದ್’ ಎಂದು ಓದಿಕೊಂಡಿದೆ, ನಾರ್ಮಲ್ ಮೋಡಿಗೆ ಆ ಅಕ್ಷರದಿಂದ ಏನು ಮಾಡಬೇಕೆಂದು ತಿಳಿಯದು. ನೀವು ಸೂಪರ್ (ವಿಂಡೋಸ್ ಗುರುತಿನ ಕೀಲಿ)+ಸ್ಪೇಸ್ ಒತ್ತಿ ಇಂಗ್ಲಿಷಿಗೆ ಬರಬೇಕು, ಡಿ ಡಿ ಒತ್ತಬೇಕು, ಐ ಒತ್ತಬೇಕು, ಮತ್ತೆ ಸೂಪರ್+ಸ್ಪೇಸ್ ಒತ್ತಿ ಕನ್ನಡಕ್ಕೆ ಹೋಗಬೇಕು. ವಿಮ್‌ಗೆ ಈ ಎರಡು ಮೋಡ್, ಕೀಲಿಮಣೆಗೆ ಎರಡು ಭಾಷೆ. ಒಟ್ಟು ನಾಲ್ಕು ಸ್ಥಿತಿಯಲ್ಲಿ ಯಾವುದರಲ್ಲಿದ್ದೇನೆ ಎಂದು ತಲೆಯಲ್ಲಿ ಹಿಡಿದುಕೊಂಡೇ ಬರೆಯಬೇಕು. ಗದ್ಯ ಬರೆಯುವಾಗ ತಲೆ ಇರಬೇಕಾದದ್ದು ವಾಕ್ಯದ ಮೇಲೆ.

ಪರಿಹಾರ ಇಲ್ಲವೆಂದಲ್ಲ. ಲಿನಕ್ಸಿನಲ್ಲಿ ಐಬಸ್ (ಕೀಲಿಮಣೆಯ ಭಾಷೆ ಬದಲಿಸುವ ತಂತ್ರಾಂಶ) ಬಳಸುವವರು ಇನ್ಸರ್ಟ್ ಬಿಟ್ಟ ತಕ್ಷಣ ಕೀಲಿಮಣೆ ತಾನಾಗಿ ಇಂಗ್ಲಿಷಿಗೆ ಬರುವಂತೆ ವಿಮ್‌ನ ಸೆಟ್ಟಿಂಗ್ ಫೈಲಿನಲ್ಲಿ ಒಂದು ಸಾಲು ಬರೆದುಕೊಳ್ಳಬಹುದು. ಇನ್ಸರ್ಟ್‌ಲೀವ್ ಎಂಬ ಘಟನೆಗೆ ಐಬಸ್‌ನ ಆಜ್ಞೆಯನ್ನು ಕಟ್ಟಿದರೆ ಆಯಿತು. ನಾನೂ ಹಾಗೆ ಮಾಡಿಕೊಂಡಿದ್ದೇನೆ, ಅರ್ಧ ತಲೆನೋವು ಕಡಿಮೆಯಾಗಿದೆ. ಆದರೆ ಕಾಲೇಜಿನ ಲ್ಯಾಬಿನಲ್ಲಿ, ಬೇರೆಯವರ ಕಂಪ್ಯೂಟರಿನಲ್ಲಿ ಆ ಸಾಲು ಇರುವುದಿಲ್ಲ.

‘ಆತ’ನ ಪರೀಕ್ಷೆಯಲ್ಲಿ ವಿಮ್ ಬೇರೆಯೇ ರೀತಿ ನಡೆದುಕೊಳ್ಳುತ್ತದೆ. ಆಜ್ಞೆ ಸರಳವೇ: :%ಎಸ್/ಆತನ/ಅವರ/ಜಿಸಿ. ಕೊನೆಯ ಸಿ ಇರುವುದರಿಂದ ಒಂದೊಂದಕ್ಕೂ ನಿಂತು ಕೇಳುತ್ತದೆ. ಆದರೆ ವಿಮ್ ಗುಣಿತದ ಗುರುತನ್ನು ಮೂಲ ಅಕ್ಷರಕ್ಕೆ ಅಂಟಿದ್ದೆಂದೇ ಎಣಿಸುತ್ತದೆ. ಬರೀ ‘ನ’ ಕೇಳಿದರೆ ‘ನಿ’ಯನ್ನು ಕೊಡುವುದಿಲ್ಲ. ಹಾಗಾಗಿ ‘ಆತನ’, ‘ಆತನನ್ನು’ ಸಿಗುತ್ತವೆ, ‘ಆತನಿಗೆ’ ಹಾಗೇ ಉಳಿದುಬಿಡುತ್ತದೆ. ಅಕ್ಷರವನ್ನು ಅಕ್ಷರವಾಗಿ ಕಾಣುವ ಈ ಗುಣ ಒಂದು ಲೆಕ್ಕದಲ್ಲಿ ಒಳ್ಳೆಯದೇ, ‘ಆತ್ಮ’ಕ್ಕೆ ಕುತ್ತು ಬರುವುದಿಲ್ಲ. ಆದರೆ ಇಲ್ಲಿ ವಿಭಕ್ತಿಯ ಒಂದೊಂದು ರೂಪವನ್ನೂ ಬೇರೆಬೇರೆಯಾಗಿ ಕೊಡಬೇಕು. ಗೊತ್ತಿಲ್ಲದೆ ಒಂದೇ ಸಲ ಓಡಿಸಿ ‘ಮುಗಿಯಿತು’ ಎಂದುಕೊಂಡರೆ ಅಚ್ಚಾದ ಪುಸ್ತಕದಲ್ಲಿ ಅರ್ಧ ಕಡೆ ಅವರು, ಅರ್ಧ ಕಡೆ ಆತ.

ಒಂದು ಕಡೆ ಮಾತ್ರ ವಿಮ್ ಕನ್ನಡದ ಕರಡಿಗೆ ನಿಜವಾಗಿ ಉಪಕಾರಿ. ‘ಬ್ಯಾಂಕ್‌ನಲ್ಲಿ’ ಎಂದು ಬರೆಯುವಾಗ ಕ ಮತ್ತು ನ ಒತ್ತಾಗದಿರಲಿ ಎಂದು ನಡುವೆ ಕಾಣದ ಒಂದು ಗುರುತು ಹಾಕುತ್ತೇವಲ್ಲ, ಅದನ್ನು ವಿಮ್ 200ಸಿ ಎಂದು ಕಣ್ಣಿಗೆ ಕಾಣುವಂತೆ ತೋರಿಸುತ್ತದೆ. ನೋಡಲು ಚಂದವಿಲ್ಲ. ಆದರೆ ಒಂದೇ ಪದ ಒಂದು ಪುಟದಲ್ಲಿ ಸಿಕ್ಕಿ ಇನ್ನೊಂದು ಪುಟದಲ್ಲಿ ಹುಡುಕಿದರೂ ಸಿಗದಿರುವುದಕ್ಕೆ ಹಲವು ಸಲ ಇದೇ ಕಾರಣ. ಅಂಥ ಸಂಶಯ ಬಂದಾಗ ನಾನು ಆ ಫೈಲನ್ನು ಒಮ್ಮೆ ವಿಮ್‌ನಲ್ಲಿ ತೆರೆದು ನೋಡುತ್ತೇನೆ.

ವಿಮ್ ಕಲಿಯದಿದ್ದರೂ ಹೊರಬರುವುದು ಎಲ್ಲರಿಗೂ ಗೊತ್ತಿರಬೇಕು. ಸರ್ವರಿನಲ್ಲಿ ಏನನ್ನೋ ಮಾಡಲು ಹೋದಾಗ ಅದೇ ತೆರೆದುಕೊಳ್ಳಬಹುದು. ಎಸ್ಕೇಪ್ ಒತ್ತಿ, ಕೋಲನ್, ಕ್ಯೂ, ಆಶ್ಚರ್ಯ ಚಿಹ್ನೆ, ಎಂಟರ್ ಒತ್ತಿದರೆ ಏನೂ ಉಳಿಸದೆ ಹೊರಗೆ. ಕೋಲನ್, ಡಬ್ಲ್ಯೂ, ಕ್ಯೂ, ಎಂಟರ್ ಒತ್ತಿದರೆ ಉಳಿಸಿ ಹೊರಗೆ. ಇದು ತಿಳಿಯದೆ ಮೊದಲ ಸಲ ನಾನು ಟರ್ಮಿನಲ್ ಕಿಟಕಿಯನ್ನೇ ಮುಚ್ಚಿದ್ದೆ. ಮರುದಿನ ಅದೇ ಫೈಲ್ ತೆರೆದರೆ ಅರ್ಧಕ್ಕೆ ಬಿಟ್ಟ ಸ್ವಾಪ್ ಫೈಲ್ (ಕೆಲಸದ ತಾತ್ಕಾಲಿಕ ಪ್ರತಿ) ಇದೆ ಎಂಬ ಎಚ್ಚರಿಕೆ ಬಂದು, ಏನೋ ಕೆಡಿಸಿದೆ ಎಂದು ಇಡೀ ಬೆಳಿಗ್ಗೆ ಹೆದರಿ ಕೂತಿದ್ದೆ. ಏನೂ ಕೆಟ್ಟಿರಲಿಲ್ಲ.

ಇನ್ನೊಂದು ಎಚ್ಚರಿಕೆ ಕ್ಯಾಪ್ಸ್ ಲಾಕ್. ಚಿಕ್ಕ ಜೆ ಕೆಳಗಿನ ಸಾಲಿಗೆ ಇಳಿಸುತ್ತದೆ, ದೊಡ್ಡ ಜೆ ಎರಡು ಸಾಲುಗಳನ್ನು ಕೂಡಿಸಿಬಿಡುತ್ತದೆ. ಹಾಗೆ ಆದರೆ ಗಾಬರಿ ಬೇಡ. ಕ್ಯಾಪ್ಸ್ ಲಾಕ್ ತೆಗೆದು ಯು ಒತ್ತುತ್ತಾ ಬನ್ನಿ.

ಈಮ್ಯಾಕ್ಸ್: ಕನ್ನಡವನ್ನು ತನ್ನೊಳಗೇ ಇಟ್ಟುಕೊಂಡದ್ದು

ಇದೂ 1976ರದೇ, ಎಂಐಟಿಯ ಪ್ರಯೋಗಾಲಯದಲ್ಲಿ ಹುಟ್ಟಿದ್ದು. ನಾವಿಂದು ಬಳಸುವ ಗ್ನು ಈಮ್ಯಾಕ್ಸನ್ನು ರಿಚರ್ಡ್ ಸ್ಟಾಲ್‌ಮನ್ 1985ರಲ್ಲಿ ಬಿಡುಗಡೆ ಮಾಡಿದರು. ಮೋಡ್ ಬದಲಿಸುವ ಗೊಡವೆ ಇಲ್ಲ, ಆಜ್ಞೆಗಳೆಲ್ಲ ಕಂಟ್ರೋಲ್ ಮತ್ತು ಆಲ್ಟ್ ಜೊತೆಗೆ. ಇದರ ಕೈಪಿಡಿಗಳಲ್ಲಿ ಆಲ್ಟನ್ನು ಮೆಟಾ ಎನ್ನುತ್ತಾರೆ. ಕಂಟ್ರೋಲ್+ಎ ಸಾಲಿನ ಆರಂಭಕ್ಕೆ, ಕಂಟ್ರೋಲ್+ಇ ಕೊನೆಗೆ, ಆಲ್ಟ್+ಎಫ್ ಒಂದು ಪದ ಮುಂದಕ್ಕೆ, ಆಲ್ಟ್+ಬಿ ಹಿಂದಕ್ಕೆ, ಕಂಟ್ರೋಲ್+ಕೆ ಸಾಲಿನ ಉಳಿದ ಭಾಗ ಕತ್ತರಿಸಲು, ಕಂಟ್ರೋಲ್+ವೈ ಅಂಟಿಸಲು. ಉಳಿಸಲು ಎರಡು ಹೆಜ್ಜೆ: ಕಂಟ್ರೋಲ್+ಎಕ್ಸ್, ಆಮೇಲೆ ಕಂಟ್ರೋಲ್+ಎಸ್. ಎಲ್ಲೋ ಸಿಕ್ಕಿಕೊಂಡೆ ಅನ್ನಿಸಿದರೆ ಕಂಟ್ರೋಲ್+ಜಿ.

ಹೊರಗಿನ ಕನ್ನಡ ಕೀಲಿಮಣೆ ಇಲ್ಲದೆಯೇ ಇದರಲ್ಲಿ ಕನ್ನಡ ಬರೆಯಬಹುದು. ಕನ್ನಡ ಐಟ್ರಾನ್ಸ್ (ಇಂಗ್ಲಿಷ್ ಅಕ್ಷರಗಳಲ್ಲಿ ಉಚ್ಚಾರದಂತೆ ಟೈಪಿಸುವುದು), ಕನ್ನಡ ಇನ್‌ಸ್ಕ್ರಿಪ್ಟ್ (ಭಾರತೀಯ ಲಿಪಿಗಳ ಮಾನಕ ಕೀಲಿಮಣೆ) ಎಂಬ ಎರಡು ವಿಧಾನಗಳು ಅದರ ಜೊತೆಗೇ ಬರುತ್ತವೆ. ಒಮ್ಮೆ ಆರಿಸಿಕೊಂಡರೆ ಕಂಟ್ರೋಲ್ ಜೊತೆ ಹಿಂಬದಿ ಓರೆಗೆರೆ (\) ಒತ್ತಿದರೆ ಕನ್ನಡ, ಮತ್ತೆ ಒತ್ತಿದರೆ ಇಂಗ್ಲಿಷ್. ಕನ್ನಡ ಚಾಲೂ ಇರುವಾಗಲೂ ಆಜ್ಞೆಗಳಿಗೆ ಅಡ್ಡಿಯಿಲ್ಲ, ಏಕೆಂದರೆ ಯಾವ ಕೀಲಿ ಬರಹಕ್ಕೆ, ಯಾವುದು ಆಜ್ಞೆಗೆ ಎಂದು ಈಮ್ಯಾಕ್ಸಿಗೇ ಗೊತ್ತು. ಆಲ್ಟ್ ಜೊತೆ ಶೇಕಡಾ ಗುರುತು ಒತ್ತಿ ‘ಆತನ’, ‘ಅವರ’ ಕೊಡಿ. ಒಂದೊಂದರ ಮುಂದೆ ನಿಂತು ಕೇಳುತ್ತದೆ. ವೈ ಒತ್ತಿದರೆ ಬದಲಿಸುತ್ತದೆ, ಎನ್ ಒತ್ತಿದರೆ ದಾಟುತ್ತದೆ. ಕನ್ನಡ ಚಾಲೂ ಇದ್ದರೂ ವೈ ಅಲ್ಲಿ ವೈ ಆಗಿಯೇ ಇರುತ್ತದೆ. ‘ಆತನಿಗೆ’ಯೂ ಸಿಗುತ್ತದೆ.

ಅದೇ ಲಿನಕ್ಸ್ ಯಂತ್ರದ ಕೀಲಿಮಣೆ ವಿನ್ಯಾಸವನ್ನೇ ಕನ್ನಡಕ್ಕೆ ಬದಲಿಸಿ ಈಮ್ಯಾಕ್ಸ್ ಬಳಸಲು ಹೋದರೆ ಕಂಟ್ರೋಲ್ ಜೊತೆ ಕನ್ನಡ ಅಕ್ಷರ ಬಂದು, ಇಂಥ ಆಜ್ಞೆ ಇಲ್ಲ ಎಂಬ ಉತ್ತರ ಸಿಗುತ್ತದೆ. ಹಾಗಾಗಿ ಒಳಗಿನ ವಿಧಾನವನ್ನೇ ಬಳಸಿ. ಕೆ.ಪಿ. ರಾವ್ ವಿನ್ಯಾಸಕ್ಕೆ ಬೆರಳು ಒಗ್ಗಿಸಿಕೊಂಡವರಿಗೆ ಐಟ್ರಾನ್ಸ್ ಕೆಲವು ದಿನ ತಡವರಿಸುವಂತೆ ಮಾಡುತ್ತದೆ. ಒಳ್ಳೆಯ ಸುದ್ದಿಯೆಂದರೆ, 2020ರ 27ನೇ ಆವೃತ್ತಿಯಿಂದ ಅಕ್ಷರ ಜೋಡಿಸುವ ತಂತ್ರಾಂಶವಾದ ಹಾರ್ಫ್‌ಬಜ್ ಬಳಸುತ್ತಿರುವುದರಿಂದ ಅದರದೇ ಕಿಟಕಿಯಲ್ಲಿ ಒತ್ತಕ್ಷರಗಳು ಅಚ್ಚುಕಟ್ಟಾಗಿ ಕಾಣುತ್ತವೆ.

ಇದರ ಬೆಲೆ ಕಿರುಬೆರಳು. ದಿನವಿಡೀ ಕಂಟ್ರೋಲ್ ಒತ್ತಿದರೆ ನೋವು ಬರಬಹುದು. ಕ್ಯಾಪ್ಸ್ ಲಾಕನ್ನು ಕಂಟ್ರೋಲ್ ಆಗಿ ಬದಲಿಸಿಕೊಳ್ಳುವುದು ಈಮ್ಯಾಕ್ಸ್ ಹಾಕಿದ ಮೊದಲ ದಿನವೇ ಮಾಡಬೇಕಾದ ಕೆಲಸ. ಕಲಿಯುವ ದಾರಿಯೂ ಉದ್ದ. ನಾನು ಗಮನಿಸಿದಂತೆ ಇದರಲ್ಲಿ ನೆಲೆನಿಂತವರು ಎಡಿಟರಿಗಾಗಿ ಬಂದವರಲ್ಲ, ಟಿಪ್ಪಣಿ, ದಿನಚರಿ, ಕೆಲಸದ ಪಟ್ಟಿಗಳನ್ನೆಲ್ಲ ಆರ್ಗ್ ಮೋಡ್ ಎಂಬ ಅದರ ಟಿಪ್ಪಣಿ ಸೌಲಭ್ಯದಲ್ಲಿ ಇಟ್ಟುಕೊಳ್ಳಲು ಬಂದವರು.

ಈಮ್ಯಾಕ್ಸ್ ಬೇಡವೆಂದವರೂ ಅದರ ಐದು ಕೀಲಿ ಕಲಿಯಲೇಬೇಕು. ಟರ್ಮಿನಲ್ಲಿನಲ್ಲಿ ಆಜ್ಞೆಗಳನ್ನು ಓದಿ ನಡೆಸುವ ಬ್ಯಾಶ್ ತಂತ್ರಾಂಶದಲ್ಲಿ ಕಂಟ್ರೋಲ್+ಎ, ಕಂಟ್ರೋಲ್+ಇ, ಕಂಟ್ರೋಲ್+ಕೆ, ಕಂಟ್ರೋಲ್+ವೈ, ಆಲ್ಟ್+ಬಿ ಇದೇ ಅರ್ಥದಲ್ಲಿ ಕೆಲಸ ಮಾಡುತ್ತವೆ. ಮ್ಯಾಕ್‌ನಲ್ಲಿ ಬರೆಯುವ ಬಹುಪಾಲು ಜಾಗಗಳಲ್ಲಿ ಇವುಗಳಲ್ಲಿ ಕಂಟ್ರೋಲಿನವು ನಾಲ್ಕೂ ನಡೆಯುತ್ತವೆ. ಒಂದು ಮಧ್ಯಾಹ್ನ ಕಲಿತದ್ದು ಎಲ್ಲ ಕಡೆ ಒದಗುವುದೆಂದರೆ ಇದೊಂದೇ.

ಕಣ್ಣು ಕಾಣದವರಿಗೆ

ಕೀಲಿ ಆಜ್ಞೆಗಳನ್ನು ನಾವು ವೇಗಕ್ಕಾಗಿ ಕಲಿಯುತ್ತೇವೆ. ದೃಷ್ಟಿ ಇಲ್ಲದವರಿಗೆ ಅದೊಂದೇ ದಾರಿ. ಭಾರತದಲ್ಲಿ ಹುಟ್ಟಿ ಹುಡುಗನಾಗಿರುವಾಗಲೇ ದೃಷ್ಟಿ ಕಳೆದುಕೊಂಡ ಟಿ.ವಿ. ರಾಮನ್, ಪರದೆಯನ್ನು ಮಾತಾಗಿ ಕೇಳಿಸುವ 'ಈಮ್ಯಾಕ್ಸ್‌ಸ್ಪೀಕ್' ಕಟ್ಟಿದ್ದು ಈಮ್ಯಾಕ್ಸಿನ ಮೇಲೆಯೇ. ಹೊಸದಾಗಿ ಕಲಿಯುವವರಿಗೆ ವಿಂಡೋಸಿನಲ್ಲಿ ಉಚಿತವಾಗಿ ಸಿಗುವ, ಪರದೆಯನ್ನು ಓದಿ ಹೇಳುವ ಸ್ಕ್ರೀನ್ ರೀಡರ್ ಎನ್‌ವಿಡಿಎ ಜೊತೆ ವಿಎಸ್ ಕೋಡ್ ಹೆಚ್ಚು ಸುಲಭ ಎಂಬುದು ನನ್ನ ಅಭಿಪ್ರಾಯ. ಅದು ಸ್ಕ್ರೀನ್ ರೀಡರನ್ನು ಗುರುತಿಸಿ ತನ್ನನ್ನು ಹೊಂದಿಸಿಕೊಳ್ಳುತ್ತದೆ. ಬರಹವನ್ನು ಮಾತಾಗಿಸುವ ಇ-ಸ್ಪೀಕ್ ಎನ್‌ಜಿಯಲ್ಲಿ ಕನ್ನಡದ ಧ್ವನಿಯೂ ಇದೆ.

ಹಾಗಾದರೆ ನಿಮಗೆ ಯಾವುದು?

ಹೆಚ್ಚಾಗಿ ಕನ್ನಡ ಗದ್ಯ ಬರೆಯುವ, ತಿದ್ದುವ ಕೈಯಾದರೆ, ಯಂತ್ರ ತಕ್ಕಮಟ್ಟಿಗಿದ್ದರೆ, ವಿಎಸ್ ಕೋಡ್. ಯಂತ್ರ ಹಳೆಯದಾದರೆ ಕಂಟ್ರೋಲ್ ಪರಂಪರೆಯ ಹಗುರಾದ ಯಾವುದಾದರೂ ಸರಿ. ಲಿನಕ್ಸಿನಲ್ಲಿ ಸಿಗುವ ಕೇಟ್ ಅಥವಾ ಜಿಎಡಿಟ್ ಸಾಕು. ಹುಡುಕಿ ಬದಲಿಸುವುದು ಅವುಗಳಲ್ಲೂ ಇದೆ.

ಕೋಡ್ ಓದುವ ವಿದ್ಯಾರ್ಥಿಯಾದರೆ, ಮುಂದೆ ಸರ್ವರುಗಳ ಜೊತೆ ಕೆಲಸವಿದ್ದರೆ, ವಿಮ್ ಕಲಿಯಿರಿ. ವಿಐ ಪಾಸಿಕ್ಸ್ ಎಂಬ ಯೂನಿಕ್ಸ್ ಮಾನಕದಲ್ಲೇ ಇರುವುದರಿಂದ ಬಹುತೇಕ ಯೂನಿಕ್ಸ್ ಯಂತ್ರಗಳಲ್ಲಿ ಸಿಗುತ್ತದೆ. ವಿಮ್‌ಟ್ಯೂಟರ್ ಎಂದು ಟರ್ಮಿನಲ್ಲಿನಲ್ಲಿ ಟೈಪಿಸಿದರೆ ಅರ್ಧ ಗಂಟೆಯ ಪಾಠ ತೆರೆದುಕೊಳ್ಳುತ್ತದೆ. ಓದಬೇಡಿ, ಮಾಡುತ್ತಾ ಹೋಗಿ. ಅಲ್ಲಿಯವರೆಗೆ ದಿನದ ಕೆಲಸ ನಿಲ್ಲದಿರಲಿ ಎಂದರೆ ವಿಎಸ್ ಕೋಡಿಗೇ ವಿಮ್ ಕೀಲಿಗಳನ್ನು ತರುವ ವಿಸ್ತರಣೆ ಇದೆ. ಕನ್ನಡ ಬರೆಯುವಾಗ ಮಾತ್ರ ಅದನ್ನು ನಿಲ್ಲಿಸಿಡಿ.

ಕನ್ನಡ, ಇಂಗ್ಲಿಷ್ ಎರಡನ್ನೂ ಸಮನಾಗಿ ಬರೆಯುತ್ತೀರಿ, ಟಿಪ್ಪಣಿಗಳ ರಾಶಿ ಇದೆ, ಎರಡು ತಿಂಗಳ ತಾಳ್ಮೆ ಇದೆ ಎಂದಾದರೆ ಈಮ್ಯಾಕ್ಸ್. ತಿಂಗಳಿಗೊಮ್ಮೆ ಸರ್ವರಿಗೆ ಹೋಗಿ ಒಂದು ಸಾಲು ತಿದ್ದಿ ಬರುವವರಿಗೆ ನ್ಯಾನೊ ಸಾಕು. ಯಾರಾದರೂ ‘ಅದೂ ಒಂದು ಎಡಿಟರಾ?’ ಎಂದರೆ ಕಿವಿಗೊಡಬೇಡಿ.

ಯಾವುದನ್ನೇ ಆರಿಸಿದರೂ ಮೊದಲ ವಾರ ಐದೇ ಕೀಲಿಗಳನ್ನು ಬಳಸಿ: ಸಾಲಿನ ಆರಂಭ, ಸಾಲಿನ ಕೊನೆ, ಒಂದು ಪದ ಮುಂದೆ, ಹುಡುಕು, ಕೇಳಿ ಬದಲಿಸು. ಚೀಟಿಯಲ್ಲಿ ಬರೆದು ಪರದೆಯ ಅಂಚಿಗೆ ಅಂಟಿಸಿ, ಮೌಸನ್ನು ಕೈಗೆ ಸಿಗದಷ್ಟು ದೂರ ಸರಿಸಿ. ಮೂರನೆಯ ದಿನ ಕೆಲಸ ನಿಧಾನವಾಗುತ್ತದೆ, ಕೈ ಮೌಸಿಗಾಗಿ ತಡಕಾಡುತ್ತದೆ. ಬಹಳ ಜನ ಕೈಬಿಡುವುದು ಆ ದಿನ. ನಾಲ್ಕನೆಯ ದಿನವೂ ಕೂತವರ ಚೀಟಿ ಮುಂದಿನ ಸೋಮವಾರದ ಹೊತ್ತಿಗೆ ಕಸದ ಬುಟ್ಟಿಯಲ್ಲಿರುತ್ತದೆ.